ಎರಡೂ ಸೊಂಟದ ಕೀಲು ಒಂದೇ ಆಪರೇಷನ್‌ನಲ್ಲಿ: ಒಪ್ಪಿಗೆ ಕೊಡುವ ಮುಂಚಿನಿಂದ ಮೂರನೇ ತಿಂಗಳವರೆಗೆ, ಹಂತ ಹಂತವಾಗಿ

"ಒಟ್ಟಿಗೇ ಮಾಡಿಸಿದ್ರೆ ಸೇಫಾ ಸಾರ್?" ಎರಡೂ ಸೊಂಟದ ಕೀಲು ಬದಲಿಸಬೇಕಾದವರ ಮನೆಯವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದೇ. ನಾನು ಸರ್ಜನ್ ಅಲ್ಲ, ಫಿಜಿಯೋಥೆರಪಿಸ್ಟ್. ಆಪರೇಷನ್ ಮುಗಿಸಿ ಮನೆಗೆ ಬಂದವರನ್ನು ಎಬ್ಬಿಸಿ ನಡೆಸುವುದು ನನ್ನ ಕೆಲಸ. ಎಡವಟ್ಟಾದಾಗ ಎಲ್ಲಿ ತಪ್ಪಿತು ಅಂತ ಹಿಂದಕ್ಕೆ ಹುಡುಕುತ್ತಾ ಹೋದರೆ, ಅದು ಆಪರೇಷನ್ ಥಿಯೇಟರಿನಲ್ಲಿ ಸಿಗುವುದು ಕಡಿಮೆ. ಒಂದು ತಿಂಗಳ ಮುಂಚೆ ಮಾಡಿಸದೇ ಬಿಟ್ಟ ರಕ್ತಪರೀಕ್ಷೆಯಲ್ಲಿ, ಡಾಕ್ಟರಿಗೆ ಹೇಳದೇ ನುಂಗುತ್ತಿದ್ದ ಮಾತ್ರೆಯಲ್ಲಿ, ಎತ್ತರ ಅಳೆಯದ ಕುರ್ಚಿಯಲ್ಲಿ ಸಿಗುತ್ತದೆ.

ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನ ಉತ್ತರ ಇಲ್ಲ. ಯಾರ ದೇಹ, ಯಾವ ತಯಾರಿ, ಯಾವ ಆಸ್ಪತ್ರೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಡೇಟ್ ತಗೊಂಡು ಆಮೇಲೆ ತಯಾರಿ ಶುರು ಮಾಡುವುದೇ ಎಲ್ಲರೂ ಮಾಡುವ ಮೊದಲ ತಪ್ಪು.

ಹಂತ 1: ಎರಡನ್ನೂ ನಿಜವಾಗಿ ಬದಲಿಸಬೇಕಾ?

ನನ್ನ ಹತ್ತಿರ ಬರುವ ಚಿಕ್ಕ ವಯಸ್ಸಿನವರಲ್ಲಿ ಹೆಚ್ಚಿನವರಿಗೆ ಎವಿಎನ್ ಇರುತ್ತದೆ. ತೊಡೆಮೂಳೆಯ ತಲೆಗೆ ರಕ್ತ ಸಿಗದೆ ಅದು ಸಾಯುತ್ತಾ ಬರುವ ಕಾಯಿಲೆ ಇದು. ಸ್ಟೀರಾಯ್ಡ್ ಜಾಸ್ತಿ ತಗೊಂಡವರಿಗೆ, ವಿಪರೀತ ಕುಡಿಯುವವರಿಗೆ ಬರುತ್ತದೆ. ಕೆಲವರಿಗೆ ಕಾರಣವೇ ಗೊತ್ತಾಗುವುದಿಲ್ಲ. ಎಂಆರ್‌ಐ ಮಾಡಿಸಿದರೆ ಎರಡೂ ಕಡೆ ಕಾಣಿಸಿಕೊಳ್ಳುವುದು ಮಾಮೂಲಿ.

ಆದರೆ ಎಂಆರ್‌ಐಯಲ್ಲಿ ಕಂಡಿದ್ದೆಲ್ಲ ಬದಲಿಸಬೇಕಾದ್ದಲ್ಲ. ಮೂಳೆಯ ತಲೆ ಇನ್ನೂ ದುಂಡಗೆ ಇದ್ದು, ಕುಸಿದಿಲ್ಲ ಅಂದರೆ ಆ ಕಡೆಗೆ ಮೂಳೆ ಕೊರೆದು ಒತ್ತಡ ಇಳಿಸುವ ಸಣ್ಣ ಆಪರೇಷನ್ ಸಾಕಾಗಬಹುದು. ಕೆಲವರಿಗೆ ಸುಮ್ನೆ ಗಮನಿಸುತ್ತಾ ಇದ್ದರೂ ಆಗುತ್ತದೆ. ಹಾಗಾಗಿ ಎರಡೂ ಸೊಂಟ ಒಂದೇ ಫಿಲ್ಮಿನಲ್ಲಿ ಬರುವ ಎಕ್ಸ್‌ರೇ ಹಿಡಿದುಕೊಂಡು ಸರ್ಜನ್‌ಗೆ ಹೀಗೆ ಕೇಳಿ: "ಇವರಿಗೆ ಈ ಎಡಗಡೆ ಒಂದೇ ತೊಂದರೆ ಇದ್ದಿದ್ದರೆ, ಈ ತಿಂಗಳೇ ಬದಲಿಸಿ ಅಂತ ಹೇಳ್ತಿದ್ರಾ?" ಆಮೇಲೆ ಬಲಗಡೆಗೂ ಅದೇ ಪ್ರಶ್ನೆ. ಎರಡಕ್ಕೂ ಹೌದು ಬಂದರೆ ಮಾತ್ರ ಮುಂದಿನ ಹಂತ. "ಹೇಗಿದ್ರೂ ಮಲಗಿಸಿರ್ತೀವಿ, ಅದೂ ಆಗಿಬಿಡಲಿ" ಎನ್ನುವ ಉತ್ತರ ಬಂದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ನೋವಿನ ಜಾಗವನ್ನೂ ನೋಡಿಕೊಳ್ಳಿ. ಸೊಂಟದ ಕೀಲಿನ ನೋವು ಸಾಮಾನ್ಯವಾಗಿ ತೊಡೆಸಂದಿಯಲ್ಲಿ ಬರುತ್ತದೆ. ಕುಂಡಿಯ ಹಿಂದಿನಿಂದ ಪಾದದವರೆಗೆ ಎಳೆಯುವ ನೋವು ಬೆನ್ನಿನದ್ದಾಗಿರಬಹುದು. ಅದಿದ್ದರೆ ಕೀಲು ಬದಲಿಸಿದ ಮೇಲೂ ಇರುತ್ತದೆ.

ಒಟ್ಟಿಗೇ ಮಾಡುವುದೇ ವಾಸಿ ಎನ್ನುವ ಸಂದರ್ಭವೂ ಉಂಟು. ಬೆನ್ನುಮೂಳೆ, ಕೀಲುಗಳು ಉರಿಯೂತದಿಂದ ಬಿಗಿದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಬಂದು ಎರಡೂ ಸೊಂಟ ಬಾಗಿದ ಹಾಗೇ ಬಿಗಿದುಕೊಂಡಿದ್ದರೆ, ಒಂದನ್ನು ಮಾತ್ರ ಸರಿ ಮಾಡಿ ನೆಟ್ಟಗೆ ನಿಲ್ಲಿಸುವುದು ಬಹಳ ಕಷ್ಟ. ಇನ್ನೊಂದು ಎಳೆಯುತ್ತಲೇ ಇರುತ್ತದೆ. ಇಂಥವರಲ್ಲಿ ಒಂದು ಕಡೆ ಮಾಡಿಸಿ ಬಂದವರನ್ನು ನಡೆಸಲು ನಾನೇ ಒದ್ದಾಡಿದ್ದೇನೆ.

ಹಂತ 2: ದೇಹ ಎರಡನ್ನು ತಡೆಯುತ್ತಾ?

ಅಪಾಯ ಜಾಸ್ತಿಯಾಗುವುದು ಯಾಕೆ ಅಂತ ಗೊತ್ತಿದ್ದರೆ ಪರೀಕ್ಷೆಗಳ ಅರ್ಥ ತಾನಾಗಿ ಆಗುತ್ತದೆ. ಮುಖ್ಯವಾಗಿ ಮೂರು ವಿಷಯ.

ಮೊದಲನೆಯದು ರಕ್ತ. ಎರಡು ಕಡೆ ಕೊಯ್ಯುತ್ತಾರೆ, ಎರಡು ಕಡೆ ಸೋರುತ್ತದೆ. ಒಳಗೇ ಇಳಿಯುವ ರಕ್ತ ಕಣ್ಣಿಗೆ ಕಾಣುವುದೂ ಇಲ್ಲ. ಹಿಮೋಗ್ಲೋಬಿನ್ 3-4 ಗ್ರಾಂ ಇಳಿಯುವುದು ಅಪರೂಪವಲ್ಲ. 13.5 ಇದ್ದವರು 10ಕ್ಕೆ ಬಂದರೆ ವಾಕರ್ ಹಿಡಿದು ನಿಲ್ಲುತ್ತಾರೆ. 10.5 ಇದ್ದವರು 7ಕ್ಕೆ ಬಂದರೆ ಮಂಚದಿಂದ ಏಳುವಾಗಲೇ ಕಣ್ಣು ಕತ್ತಲೆ ಬರುತ್ತದೆ.

ಎರಡನೆಯದು ಶ್ವಾಸಕೋಶ. ಹೊಸ ಕೀಲಿನ ಕಾಂಡ ಕೂರಿಸಲು ತೊಡೆಮೂಳೆಯ ಒಳಗಿನ ಪೊಳ್ಳನ್ನು ಉಜ್ಜಿ ಅಗಲ ಮಾಡುತ್ತಾರೆ. ಆಗ ಒಳಗಿನ ಮಜ್ಜೆಯ ಕೊಬ್ಬು ಚೂರುಚೂರಾಗಿ ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಒಂದು ಕಡೆಯದನ್ನು ಗಟ್ಟಿ ದೇಹ ಅರಗಿಸಿಕೊಳ್ಳುತ್ತದೆ. ಒಂದೆರಡು ಗಂಟೆಯೊಳಗೆ ಇನ್ನೊಂದು ಕಡೆಯದೂ ಬಂದಾಗ ಶ್ವಾಸಕೋಶ ಮೊದಲೇ ದುರ್ಬಲವಾಗಿದ್ದರೆ ತಡೆಯುವುದಿಲ್ಲ.

ಮೂರನೆಯದು ಹೃದಯ. ಹೆಚ್ಚು ಹೊತ್ತಿನ ಅರಿವಳಿಕೆ, ಹೆಚ್ಚು ರಕ್ತನಷ್ಟ, ಏರಿಳಿಯುವ ಬಿಪಿ, ಎಲ್ಲದರ ಹೊರೆ ಅದರ ಮೇಲೆಯೇ.

ಆದ್ದರಿಂದ ಹೃದಯದ ಕಾಯಿಲೆ, ಸಿಒಪಿಡಿ (ಬಹಳ ಕಾಲದ ಶ್ವಾಸಕೋಶದ ಕಾಯಿಲೆ), ಹಿಂದೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಚರಿತ್ರೆ, ಕಿಡ್ನಿ ತೊಂದರೆ, ಹತೋಟಿ ತಪ್ಪಿದ ಶುಗರ್, ವಿಪರೀತ ದಪ್ಪ ಇವುಗಳಲ್ಲಿ ಯಾವುದಿದ್ದರೂ ಎರಡು ಸಲವಾಗಿ ಮಾಡಿಸುವುದೇ ಕ್ಷೇಮ. 70 ದಾಟಿದವರಿಗೆ ಸಾಮಾನ್ಯವಾಗಿ ಸರ್ಜನ್‌ಗಳೇ ಹಿಂಜರಿಯುತ್ತಾರೆ. ಮೈಸೂರು, ಚಾಮರಾಜನಗರದ ಕಾಡಂಚಿನ ಕೆಲವು ಸಮುದಾಯಗಳಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ ಇದೆ, ಅದರಿಂದಲೂ ಎವಿಎನ್ ಬರುತ್ತದೆ. ಅಂಥವರಿಗೆ ಅರಿವಳಿಕೆಯ ಲೆಕ್ಕಾಚಾರವೇ ಬೇರೆ, ಅದನ್ನು ಮೊದಲ ದಿನವೇ ಹೇಳಿ.

ಎರಡು ಸಲ ಮಾಡಿಸುವುದು ಸೋಲಲ್ಲ. ಮಧ್ಯೆ ಸಾಮಾನ್ಯವಾಗಿ 6 ವಾರದಿಂದ 3 ತಿಂಗಳ ಅಂತರ ಇರುತ್ತದೆ. ಆದರೆ "ಒಂದೇ ಅಡ್ಮಿಷನ್‌ನಲ್ಲಿ ಇವತ್ತೊಂದು, ನಾಲ್ಕು ದಿನ ಬಿಟ್ಟು ಇನ್ನೊಂದು" ಅಂತ ಹೇಳಿದರೆ ಎರಡು ಸಲ ಕೇಳಿ ನೋಡಿ. ರಕ್ತ ಇಳಿದು, ಮೈಯೆಲ್ಲ ಊದಿಕೊಂಡಿರುವ ಹೊತ್ತಿಗೇ ಎರಡನೆಯದಕ್ಕೆ ಮಲಗಿಸಿದ ಹಾಗಾಗುತ್ತದೆ.

ಹಂತ 3: ನಿಲ್ಲಿಸುವ ಮಾತನ್ನು ಮೊದಲೇ ಆಡಿಕೊಳ್ಳಿ

ಈ ಬರಹದಲ್ಲಿ ಒಂದೇ ಹಂತ ಓದುತ್ತೀರಿ ಅಂದರೆ ಇದನ್ನು ಓದಿ.

ಮೊದಲ ಕಡೆ ಮುಗಿದ ಮೇಲೆ ಒಂದು ನಿಲುಗಡೆ ಇರಬೇಕು. ಆಗ ಅರಿವಳಿಕೆ ಡಾಕ್ಟರ್ ಬಿಪಿ, ಆಮ್ಲಜನಕ, ಹೋಗಿರುವ ರಕ್ತ ಎಲ್ಲ ನೋಡಿ "ಮುಂದುವರೀಬಹುದು" ಅಂತ ಹೇಳಿದರೆ ಮಾತ್ರ ಎರಡನೆಯದು. ಇಲ್ಲದಿದ್ದರೆ ಹೊಲಿಗೆ ಹಾಕಿ ಅಲ್ಲಿಗೇ ನಿಲ್ಲಿಸಬೇಕು. ಅನುಭವಸ್ಥ ತಂಡಗಳು ಹೀಗೇ ಮಾಡುತ್ತವೆ. ನೋವು ಜಾಸ್ತಿ ಇರುವ ಕಡೆಯಿಂದ ಶುರು ಮಾಡುವುದೂ ಇದಕ್ಕೇ. ಅರ್ಧಕ್ಕೆ ನಿಲ್ಲಿಸಿದರೂ ಕೆಟ್ಟ ಕಾಲು ಸರಿಯಾಗಿರುತ್ತದೆ.

ನನ್ನ ಪೇಷೆಂಟ್ ಒಬ್ಬರಿಗೆ ಹೀಗಾಯಿತು. ಬಲಗಡೆ ಮುಗಿಯುವ ಹೊತ್ತಿಗೆ ಆಮ್ಲಜನಕ ಇಳಿಯಿತು, ಸರ್ಜನ್ ಅಲ್ಲಿಗೇ ನಿಲ್ಲಿಸಿದರು. ಹೊರಗೆ ಬಂದು ಹೇಳಿದಾಗ ಹೆಂಡತಿ ಬೆಂಚಿನ ಮೇಲೆ ಕುಸಿದು ಕೂತರು. "ಫೇಲ್ ಆಯ್ತಾ?" ಅಂತ ಫೋನ್ ಮಾಡಿ ನನ್ನನ್ನು ಕೇಳಿದರು. ಅಣ್ಣತಮ್ಮಂದಿರು ಡಾಕ್ಟರ ಜೊತೆ ಜಗಳಕ್ಕೇ ನಿಂತಿದ್ದರಂತೆ. ಆ ದಿನ ಸರಿಯಾಗಿ ನಡೆದದ್ದೇ ಆ ನಿಲ್ಲಿಸಿದ ನಿರ್ಧಾರ. ಆದರೆ ಹೀಗೂ ಆಗಬಹುದು ಅಂತ ಮನೆಯವರಿಗೆ ಯಾರೂ ಮುಂಚೆ ಹೇಳಿರಲಿಲ್ಲ. ಮೂರು ತಿಂಗಳು ಬಿಟ್ಟು ಎಡಗಡೆಯೂ ಆಯಿತು. ಈಗ ಅವರೇ ಸ್ಕೂಟರ್ ಓಡಿಸಿಕೊಂಡು ಬರುತ್ತಾರೆ.

ಹಾಗಾಗಿ ಸರ್ಜನ್ ಮತ್ತು ಅರಿವಳಿಕೆ ಡಾಕ್ಟರ್ ಇಬ್ಬರನ್ನೂ ಕೂತು ಕೇಳಿ. ಒಟ್ಟಿಗೆ ಎರಡು ಮಾಡಿದ ಅನುಭವ ಎಷ್ಟಿದೆ? ಮಧ್ಯದಲ್ಲಿ ಯಾವಾಗ ನಿಲ್ಲಿಸುತ್ತೀರಿ? ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತೀರಾ? ರಾತ್ರಿ ಐಸಿಯುನಲ್ಲಿ ಹಾಸಿಗೆ ಇದೆಯಾ? ಬ್ಲಡ್ ಬ್ಯಾಂಕ್ ಇದೇ ಕಟ್ಟಡದಲ್ಲಿದೆಯಾ, ಊರಾಚೆಯಾ? ಒಪ್ಪಿಗೆ ಪತ್ರದಲ್ಲಿ "ಅಗತ್ಯ ಬಿದ್ದರೆ ಒಂದಕ್ಕೇ ನಿಲ್ಲಿಸಬಹುದು" ಎನ್ನುವ ಸಾಲು ಇರಲಿ. ಮನೆಯಲ್ಲಿ ಎಲ್ಲರಿಗೂ, ಮುಖ್ಯವಾಗಿ ಜಗಳಕ್ಕೆ ಮುಂದಾಗುವ ಆ ಒಬ್ಬರಿಗೆ, ಇದನ್ನು ಮುಂಚೆಯೇ ಹೇಳಿಡಿ.

ಬೆನ್ನು, ಕತ್ತು ಬಿಗಿದುಕೊಂಡಿರುವ ಸ್ಪಾಂಡಿಲೈಟಿಸ್‌ನವರು ಅರಿವಳಿಕೆ ಡಾಕ್ಟರನ್ನು ಹಿಂದಿನ ರಾತ್ರಿ ಅಲ್ಲ, ವಾರಗಳ ಮುಂಚೆ ನೋಡಬೇಕು. ಬೆನ್ನಿಗೆ ಸೂಜಿ ಹೋಗುವುದೂ ಕಷ್ಟ, ಗಂಟಲಿಗೆ ಕೊಳವೆ ಹಾಕುವುದೂ ಕಷ್ಟ. ಅದಕ್ಕೆ ಬೇರೆ ಉಪಕರಣ ಬೇಕು.

ಹಂತ 4: ಆರು ವಾರದ ತಯಾರಿ

ರಕ್ತದಿಂದ ಶುರು ಮಾಡಿ. ಹಿಮೋಗ್ಲೋಬಿನ್ ಜೊತೆಗೆ, ದೇಹದಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ತೋರಿಸುವ ಫೆರಿಟಿನ್ ಕೂಡ ಮಾಡಿಸಿ. ಎರಡೂ ಕಡೆಗೆ ಹೋಗುವಾಗ ಹಿಮೋಗ್ಲೋಬಿನ್ 13ರ ಹತ್ತಿರ ಇದ್ದರೆ ನೆಮ್ಮದಿ. ಕಬ್ಬಿಣದ ಕೊರತೆ ಇದ್ದರೆ ಮಾತ್ರೆಯಿಂದ ಏರಲು ವಾರಗಟ್ಟಲೆ ಬೇಕು. ಟೈಮ್ ಕಡಿಮೆ ಇದ್ದರೆ ಡಾಕ್ಟರು ಡ್ರಿಪ್‌ನಲ್ಲಿ ಕಬ್ಬಿಣ ಕೊಡುತ್ತಾರೆ, ಅದಕ್ಕೂ ಎರಡು ಮೂರು ವಾರ ಬೇಕು. ಹಿಂದಿನ ದಿನ ಬೀಟ್‌ರೂಟ್ ಜ್ಯೂಸ್ ಕುಡಿಸಿ ಪ್ರಯೋಜನ ಇಲ್ಲ.

ಶುಗರ್ ಇದ್ದವರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 7.5ರ ಆಸುಪಾಸಿಗೆ ತರಬೇಕು. ಬೀಡಿ, ಸಿಗರೇಟು ಕನಿಷ್ಠ 4 ವಾರ ಮುಂಚೆ ನಿಲ್ಲಬೇಕು. ಸೊಂಟದ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡಿದ್ದರೆ ಮೂರು ತಿಂಗಳು ಕಾಯಬೇಕು, ಇಲ್ಲದಿದ್ದರೆ ಸೋಂಕಿನ ಭಯ ಹೆಚ್ಚು.

ಹಲ್ಲು ತೋರಿಸಿ. ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ. ಹುಳುಕು ಹಲ್ಲಿನ ಕೀವಿನಿಂದ ಕ್ರಿಮಿ ರಕ್ತಕ್ಕಿಳಿದು ಹೊಸ ಕೀಲಿಗೆ ಹೋಗಿ ಕೂರಬಹುದು. ಎರಡು ಕೀಲಿದ್ದರೆ ಎರಡಕ್ಕೂ ಅಪಾಯ. ಮೂತ್ರದ ಸೋಂಕು, ಕಾಲ್ಬೆರಳ ಸಂದಿನ ಹುಣ್ಣು, ಉಗುರುಸುತ್ತು ಎಲ್ಲ ವಾಸಿಯಾಗಿರಬೇಕು. ನನ್ನ ಭಾವನ ಆಪರೇಷನ್ ಒಂದು ತಿಂಗಳು ಮುಂದಕ್ಕೆ ಹೋದದ್ದು ದವಡೆ ಹಲ್ಲಿನಿಂದಲೇ. ಅಡ್ಮಿಟ್ ಆದ ದಿನ ಕೆನ್ನೆ ಊದಿಕೊಂಡಿತ್ತು.

ಈಗ ಮಾತ್ರೆಗಳು. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ, ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಹೆಸರು ನೆನಪಿಟ್ಟುಕೊಂಡು ಹೇಳುವ ಸಾಹಸ ಬೇಡ. ರಕ್ತ ತೆಳು ಮಾಡುವ ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಅವರೇ ಬರೆದುಕೊಡಬೇಕು, ಸ್ಟೆಂಟ್ ಹಾಕಿಸಿಕೊಂಡವರಂತೂ ತಾವಾಗಿಯೇ ನಿಲ್ಲಿಸಬಾರದು. ಶುಗರಿನ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಕನಿಷ್ಠ 3 ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ. ಬಹಳ ದಿನದಿಂದ ಸ್ಟೀರಾಯ್ಡ್ ತಗೊಳ್ಳುವವರು ಅದನ್ನು ತಟ್ಟನೆ ಬಿಡಬಾರದು, ಬಿಪಿ ಕುಸಿದುಬಿಡುತ್ತದೆ. ಕೀಲುವಾತಕ್ಕೆ ಅಡಾಲಿಮುಮಾಬ್‌ನಂಥ ಇಂಜೆಕ್ಷನ್ ನಡೀತಿದ್ದರೆ ಆಪರೇಷನ್ ಡೇಟನ್ನೇ ಅದಕ್ಕೆ ಹೊಂದಿಸಿ ಇಡುತ್ತಾರೆ.

ನಾಟಿ ಔಷಧಿಯ ಪುಡಿ, ಗುಳಿಗೆ ಇದ್ದರೆ ಅದನ್ನೂ ಸುರಿಯಿರಿ. "ತಗೊಂಡ ಮಾರನೇ ದಿನವೇ ನೋವು ಮಾಯ" ಎನ್ನುವ ಪುಡಿಗಳಲ್ಲಿ ಕೆಲವೊಮ್ಮೆ ಸ್ಟೀರಾಯ್ಡ್ ಬೆರೆತಿರುತ್ತದೆ. ಡಾಕ್ಟರು ಬಯ್ಯಬಹುದು, ಬಯ್ಯಲಿ.

ಕೊನೆಯದು ತೋಳು. ಒಂದು ಕಡೆ ಮಾಡಿಸಿದವರಿಗೆ ಊರಲು ಇನ್ನೊಂದು ಕಾಲು ಇರುತ್ತದೆ, ನಿಮಗೆ ಇರುವುದಿಲ್ಲ. ಎದ್ದು ಕೂರುವ ಮೊದಲ ಎರಡು ವಾರ ತೋಳೇ ನಿಮ್ಮ ಕಾಲು. ಕೈಹಿಡಿ ಇರುವ ಗಟ್ಟಿ ಕುರ್ಚಿಯಲ್ಲಿ ಕೂತು, ಎರಡೂ ಕೈ ಒತ್ತಿ ಮೈಯನ್ನು ಎರಡು ಇಂಚು ಮೇಲೆತ್ತಿ. ದಿನಕ್ಕೆ ಮೂರು ಸಲ, ಸಲಕ್ಕೆ ಹತ್ತು. ವಾಕರ್ ಮುಂಚೆಯೇ ತಂದು ಹಿಡಿದು ಅಭ್ಯಾಸ ಮಾಡಿ.

ಹಂತ 5: ಟೇಪ್ ಹಿಡಿದು ಮನೆ ಅಳೆಯಿರಿ

ದರ್ಜಿಯ ಟೇಪ್ ಸಾಕು. ಪೇಷೆಂಟನ್ನು ನಿಲ್ಲಿಸಿ, ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ಅಳೆಯಿರಿ. 17 ಇಂಚು ಬಂತು ಅಂದುಕೊಳ್ಳಿ. ಅವರು ಕೂರುವ ಪ್ರತಿ ಜಾಗ, ಕುರ್ಚಿ, ಮಂಚ, ಕಮೋಡ್, 19-20 ಇಂಚು ಇರಬೇಕು. ಕೂತಾಗ ಮೊಣಕಾಲು ಸೊಂಟಕ್ಕಿಂತ ತಗ್ಗಿನಲ್ಲಿರಬೇಕು, ಅಷ್ಟೇ ಲೆಕ್ಕ. ಅಳೆಯುವಾಗ ಯಾರಾದರೂ ಕೂತು ನೋಡಬೇಕು, ಹಾಸಿಗೆ ಎರಡು ಇಂಚು ಕುಸಿಯುತ್ತದೆ.

ನಮ್ಮ ಮನೆಗಳ ಪ್ಲಾಸ್ಟಿಕ್ ಕುರ್ಚಿ, ದಿವಾನ, ಸೋಫಾ ಮೂರೂ ಇದರಲ್ಲಿ ಫೇಲ್ ಆಗುತ್ತವೆ. ಮಂಚದ ಕಾಲಿಗೆ ಮರದ ದಿಮ್ಮಿ ಕೊಟ್ಟು ಎತ್ತರಿಸಿ. ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ದರೆ ಅದರ ಮೇಲೆ ನಿಲ್ಲಿಸುವ ಕಮೋಡ್ ಕುರ್ಚಿ ತನ್ನಿ, ಕಾಲುಗಳ ರಬ್ಬರ್ ಬುಷ್ ಜಾರುತ್ತಾ ನೋಡಿ. ಕಾಲೊರಸು, ಮಡಚಿಕೊಳ್ಳುವ ಚಾಪೆ, ಅಡ್ಡ ಹೋಗುವ ವೈರ್ ಎಲ್ಲ ತೆಗೆಯಿರಿ. ಮೊದಲ ಎರಡು ವಾರ ಎತ್ತಿ ಹಿಡಿಯಲು ಇಬ್ಬರು ಬೇಕು. ಒಬ್ಬರೇ ಸಾಕು ಅಂದುಕೊಂಡವರು ಮೂರನೇ ದಿನ ತಮ್ಮ ಬೆನ್ನು ಹಿಡಿದುಕೊಂಡು ಕೂರುತ್ತಾರೆ.

ಹಂತ 6: ದುಡ್ಡು, ಕಾಗದ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಮಾಡಿಸುವವರು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ: ಎರಡೂ ಕಡೆಗೆ ಮಂಜೂರಾತಿ ಬರುತ್ತಾ, ಅರ್ಧಕ್ಕೆ ನಿಲ್ಲಿಸಿದರೆ ಉಳಿದದ್ದರ ಗತಿ ಏನು? ಖಾಸಗಿ ವಿಮೆಯವರಿಗೂ ಇದೇ ಪ್ರಶ್ನೆ. ಕೀಲು ಬದಲಾವಣೆಗೆ ಎರಡು ಮೂರು ವರ್ಷ ಕಾಯುವ ಷರತ್ತು ಪಾಲಿಸಿಗಳಲ್ಲಿ ಮಾಮೂಲಿ, ಓದಿಕೊಳ್ಳಿ. ಮೊಣಕಾಲಿನ ಕೀಲಿಗೆ 2017ರಲ್ಲಿ ಕೇಂದ್ರ ಗರಿಷ್ಠ ಬೆಲೆ ಕಟ್ಟಿತು. ಆ ಆದೇಶ ಸೊಂಟದ ಕೀಲಿಗೆ ಅಲ್ಲ, ಆದ್ದರಿಂದ ಕೀಲಿನ ಬೆಲೆಯನ್ನು ಬೇರೆಯಾಗಿ ಬರೆಸಿಕೊಳ್ಳಿ.

ಹಂತ 7: ಆಪರೇಷನ್ ದಿನ ಮತ್ತು ಮೊದಲ ಮೂರು ದಿನ

ಹಿಂದಿನ ರಾತ್ರಿ ಆಸ್ಪತ್ರೆ ಕೊಟ್ಟ ಸೋಪಿನಲ್ಲಿ ಸ್ನಾನ. ಮನೆಯಲ್ಲಿ ಬ್ಲೇಡ್ ಹಾಕಿ ಕೂದಲು ತೆಗೆಯಬೇಡಿ, ಗೀರಿದ ಜಾಗದಲ್ಲಿ ಸೋಂಕು ಸೇರುತ್ತದೆ. ಒಂದು ಕಡೆಗೆ ಒಂದರಿಂದ ಒಂದೂವರೆ ಗಂಟೆ, ಜೊತೆಗೆ ಅರಿವಳಿಕೆ, ಮಗ್ಗುಲು ಬದಲಿಸುವುದು, ಹೊಸದಾಗಿ ಬಟ್ಟೆ ಹೊದಿಸುವುದು. ಹೊರಗೆ ನಾಲ್ಕೈದು ಗಂಟೆ ಕಾಯಲು ತಯಾರಾಗಿರಿ, ಗಾಬರಿ ಬೇಡ.

ವಾರ್ಡಿಗೆ ಬಂದ ಮೇಲೆ ಎರಡೂ ಪಾದದ ಬೆರಳು ಮೇಲಕ್ಕೆ ಎತ್ತಿಸಿ ನೋಡಿ. ಒಂದು ಪಾದ ಏಳದಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ಬೆನ್ನಿಗೆ ಕೊಟ್ಟ ಅರಿವಳಿಕೆ (ಸ್ಪೈನಲ್) ಇಳಿದ ಮೇಲೂ ಹಾಗೇ ಇದ್ದರೆ ಕೂಡಲೇ ಹೇಳಿ. ಗಂಟೆಗೆ ಹತ್ತು ಸಲ ಪಾದ ಮೇಲೆ ಕೆಳಗೆ ಆಡಿಸಲಿ, ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ. ಕಾಲುಗಳ ಮಧ್ಯೆ ದಿಂಬು ಇರಲೇಬೇಕು.

ಮಾರನೇ ಬೆಳಿಗ್ಗೆ ಹಿಮೋಗ್ಲೋಬಿನ್ ರಿಪೋರ್ಟ್ ಕೇಳಿ, ಆಮೇಲೆ ಏಳಿಸಿ. ಹೆಚ್ಚಿನವರಿಗೆ ಎರಡೂ ಕಾಲಿನ ಮೇಲೆ ಪೂರ್ತಿ ಭಾರ ಹಾಕಲು ಬಿಡುತ್ತಾರೆ, ಆದರೂ ಸರ್ಜನ್ ಮಾತೇ ಕೊನೆ. ಮೊದಲು ಮಂಚದ ಅಂಚಿನಲ್ಲಿ ಐದು ನಿಮಿಷ ಕೂರಿಸಿ. ಬೆವರು, ಆಕಳಿಕೆ, ತುಟಿ ಬಿಳುಪು ಬಂದರೆ ಮಲಗಿಸಿಬಿಡಿ. ಹಟ ಹಿಡಿದು ನಿಲ್ಲಿಸಿದ ಪೇಷೆಂಟ್ ಬಿದ್ದದ್ದನ್ನು ನೋಡಿದ್ದೇನೆ.

ಹಂತ 8: ಮನೆಯಲ್ಲಿ ಮೊದಲ ಆರು ವಾರ

ಹಿಂದಿನಿಂದ ಕೊಯ್ದು ಮಾಡಿದ್ದರೆ ಮೂರು ಕೆಲಸ ಮಾಡಬಾರದು. ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು. ಕೀಲು ಜಾರುವುದು ಹೆಚ್ಚಾಗಿ ಬೀಳುವಾಗಲ್ಲ, ಬಿದ್ದ ಚಮಚ ಎತ್ತಲು ಬಗ್ಗಿದಾಗ, ಮಂಚದ ಕೊನೆಯಲ್ಲಿರುವ ಹೊದಿಕೆ ಎಳೆದುಕೊಳ್ಳುವಾಗ. ಉದ್ದ ಕಡ್ಡಿಯ ಇಕ್ಕಳ ಒಂದು ತಂದಿಡಿ. ಮಗ್ಗುಲಾಗಿ ಮಲಗುವುದು ಸರ್ಜನ್ ಹೇಳಿದ ಮೇಲೆ.

ಮೆಟ್ಟಿಲಿಗೆ ನಾವು "ಒಳ್ಳೇ ಕಾಲು ಮೊದಲು ಮೇಲಕ್ಕೆ" ಅಂತ ಹೇಳಿಕೊಡುತ್ತೇವೆ. ನಿಮಗೆ ಒಳ್ಳೇ ಕಾಲೇ ಇಲ್ಲ, ಅಲ್ವಾ? ಸ್ವಲ್ಪ ಗಟ್ಟಿ ಅನಿಸುವುದನ್ನು ಆರಿಸಿ, ಅದನ್ನೇ ಅಭ್ಯಾಸ ಮಾಡಿ. ಇವತ್ತು ಬಲ, ನಾಳೆ ಎಡ ಅಂತ ಮಾಡಿದರೆ ತಡವರಿಸುತ್ತೀರಿ.

ರಕ್ತ ಹೆಪ್ಪುಗಟ್ಟದ ಔಷಧಿಯನ್ನು ಹೇಳಿದಷ್ಟು ದಿನ ತಗೊಳ್ಳಿ. ಸೊಂಟದ ಆಪರೇಷನ್‌ಗೆ ಅದು 35 ದಿನದವರೆಗೂ ಇರುತ್ತದೆ. ಎರಡನೇ ವಾರಕ್ಕೆ "ಈಗ ಆರಾಮಿದ್ದೀನಲ್ಲ" ಅಂತ ನಿಲ್ಲಿಸುವವರು ಬಹಳ.

ಹಂತ 9: ಕಾಯದೇ ಹೊರಡಬೇಕಾದ ಲಕ್ಷಣಗಳು

ತಟ್ಟನೆ ಏದುಸಿರು, ಎದೆನೋವು, ಕಫದಲ್ಲಿ ರಕ್ತ ಕಂಡರೆ 108ಕ್ಕೆ ಫೋನ್ ಮಾಡಿ. ಮೊದಲ ಮೂರು ದಿನದಲ್ಲಿ ಪೇಷೆಂಟ್ ಅಡ್ಡಾದಿಡ್ಡಿ ಮಾತಾಡಿದರೆ, ಜೊತೆಗೆ ಉಸಿರು ಜೋರಾದರೆ, ಎದೆ ಅಥವಾ ಕಂಕುಳ ಮೇಲೆ ಸಣ್ಣ ಕೆಂಪು ಚುಕ್ಕೆ ಎದ್ದರೆ, ಅದು ನಿದ್ದೆಗಣ್ಣು ಅಂತ ಬಿಡಬೇಡಿ. ಹಂತ 2ರಲ್ಲಿ ಹೇಳಿದ ಕೊಬ್ಬಿನ ತೊಂದರೆ ಹೀಗೇ ಶುರುವಾಗುತ್ತದೆ.

ಮೀನಖಂಡದ ಊತ ಇಲ್ಲಿ ಮೋಸ ಮಾಡುತ್ತದೆ. ಒಂದು ಕಡೆ ಮಾಡಿಸಿದವರಲ್ಲಿ ಎರಡು ಕಾಲು ಹೋಲಿಸಿ ನೋಡಿದರೆ ಗೊತ್ತಾಗುತ್ತದೆ. ನಿಮಗೆ ಎರಡೂ ಊದಿರುತ್ತವೆ. ಅದಕ್ಕೆ ದಿನಾ ಬೆಳಿಗ್ಗೆ ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಬಿಟ್ಟು, ಅದೇ ಟೇಪಿನಲ್ಲಿ ಎರಡೂ ಮೀನಖಂಡದ ಸುತ್ತಳತೆ ತೆಗೆದು ಕ್ಯಾಲೆಂಡರ್ ಮೇಲೆ ಬರೆಯಿರಿ. ಒಂದು ಕಡೆ ಏಕಾಏಕಿ ಏರಿದರೆ, ಒತ್ತಿದರೆ ನೋಯುತ್ತಿದ್ದರೆ ಅವತ್ತೇ ತೋರಿಸಿ.

'ಕಟ್' ಅಂದು, ಕಾಲು ಗಿಡ್ಡವಾಗಿ ಒಂದು ಕಡೆಗೆ ತಿರುಗಿ, ಊರಲಾಗದಿದ್ದರೆ ಕೀಲು ಜಾರಿದೆ. ಎಳೆದು ಕೂರಿಸಲು ಹೋಗಬೇಡಿ, ನೀವಿಸಬೇಡಿ. ಗಾಯದಿಂದ ಒಂದು ವಾರ ಕಳೆದರೂ ನೀರು ಸೋರುತ್ತಿದ್ದರೆ, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರಿದರೆ, ಜ್ವರ ಬಂದರೆ, ಹತ್ತಿರದ ಕ್ಲಿನಿಕ್ಕಿನಲ್ಲಿ ಆಂಟಿಬಯೋಟಿಕ್ ಕೇಳಿ ನುಂಗಬೇಡಿ. ಆಪರೇಷನ್ ಮಾಡಿದವರ ಹತ್ತಿರವೇ ಹೋಗಿ.

ಹಂತ 10: ಮೂರನೇ ತಿಂಗಳು

6 ವಾರಕ್ಕೊಂದು, 3 ತಿಂಗಳಿಗೊಂದು, ವರ್ಷಕ್ಕೊಂದು ಎಕ್ಸ್‌ರೇ ಸಾಮಾನ್ಯ ಪದ್ಧತಿ. ವಾಕರಿನಿಂದ ಕೋಲಿಗೆ ಯಾವಾಗ ಇಳಿಯಬೇಕು ಅಂತ ನಡಿಗೆ ನೋಡಿ ಹೇಳಬೇಕು, ಕ್ಯಾಲೆಂಡರ್ ನೋಡಿ ಅಲ್ಲ. ನಡೆಯುವಾಗ ಬಾತುಕೋಳಿಯಂತೆ ಓಲಾಡುತ್ತಿದ್ದರೆ ಸೊಂಟದ ಪಕ್ಕದ ಸ್ನಾಯುವಿಗೆ ಇನ್ನೂ ಬಲ ಬಂದಿಲ್ಲ, ವಾಕರ್ ಇರಲಿ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಊಟಕ್ಕೆ ಕೂರುವ ಆಸೆಯನ್ನು ಸರ್ಜನ್ ಒಪ್ಪುವವರೆಗೆ ಬದಿಗಿಡಿ.

ಇನ್ನೊಂದು ಕೆಲಸ. ಹಾಕಿದ ಕೀಲಿನ ಪ್ರತಿ ಭಾಗದ ಡಬ್ಬಿ ಮೇಲೆ ಸೀರಿಯಲ್ ನಂಬರಿನ ಸ್ಟಿಕ್ಕರ್ ಇರುತ್ತದೆ. ಬಟ್ಟಲು, ಒಳಪದರ, ಚೆಂಡು, ಕಾಂಡ ಅಂತ ಸಾಮಾನ್ಯವಾಗಿ ಒಂದು ಕಡೆಗೆ ನಾಲ್ಕು, ಎರಡೂ ಸೇರಿ ಎಂಟು. ಡಿಸ್ಚಾರ್ಜ್ ಪೇಪರಿನಲ್ಲಿ ಎಂಟೂ ಅಂಟಿಸಿದ್ದಾರಾ, ಯಾವುದು ಬಲ ಯಾವುದು ಎಡ ಅಂತ ಬರೆದಿದ್ದಾರಾ ನೋಡಿ. 2010ರಲ್ಲಿ ಒಂದು ಬಗೆಯ ಲೋಹದ ಸೊಂಟದ ಕೀಲನ್ನು ಜಗತ್ತಿನಾದ್ಯಂತ ವಾಪಸ್ ಕರೆಸಿಕೊಂಡಾಗ, ತಮ್ಮ ಸೊಂಟದಲ್ಲಿರುವುದು ಅದೇನಾ ಅಂತ ತಿಳಿಯಲು ಜನರಿಗೆ ಬೇಕಾಗಿದ್ದು ಇಂಥ ಸ್ಟಿಕ್ಕರೇ. ಒಂದು ಫೋಟೋ ತೆಗೆದು ಮಗನ ಫೋನಿಗೂ, ಮಗಳ ಫೋನಿಗೂ ಕಳಿಸಿಡಿ.